ಜೋರು ಗಾಳಿ ಬಂದಾಗ ಮನೆಯಲ್ಲಿ ಕ್ಷೇಮವಾಗಿರುವುದು ಹೇಗೆ: ಹಂಚಿನ ಮನೆಯಿಂದ ಫ್ಲ್ಯಾಟಿನವರೆಗೆ

ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಹಿರಿಯರು ಹೇಳಿದ್ದಾರೆ, ಸರಿ. ಆ ಮಳೆಗೆ ಹತ್ತು ನಿಮಿಷ ಮೊದಲು ಬರುವ ಗಾಳಿ ಏನು ಮಾಡುತ್ತದೆ ಅಂತ ಗಾದೆಯಲ್ಲಿ ಇಲ್ಲ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಂಚಿನ ಮನೆ. ಹಿಂದೆ ತಗಡು ಶೀಟಿನ ಕೊಟ್ಟಿಗೆ, ಮುಂದೆ ಅಂಗಳ, ಅದರಾಚೆ ಅಡಿಕೆ ತೋಟ. ಕೆಲವು ವರ್ಷದ ಹಿಂದೆ ಮೇ ತಿಂಗಳ ಒಂದು ಸಂಜೆ ಗಾಳಿ ಎದ್ದಾಗ, ಅಂಗಳದಲ್ಲಿ ಹಾರುತ್ತಿದ್ದ ಟಾರ್ಪಾಲು ಹಿಡಿಯಲು ನಾನು ಓಡಿದೆ. ಹಿಡಿದೆ ಕೂಡ. ಅಷ್ಟರಲ್ಲಿ ಕೊಟ್ಟಿಗೆಯ ಒಂದು ಶೀಟು ಕಿತ್ತು, ಮನೆಯ ಮಾಡಿನ (ಛಾವಣಿಯ) ಮೇಲಿಂದ ಹಾರಿ ಬಂದು, ನನ್ನಿಂದ ನಾಲ್ಕು ಮಾರು ದೂರದಲ್ಲಿ ಮಣ್ಣಿಗೆ ಚುಚ್ಚಿಕೊಂಡು ನಿಂತಿತು. ಅಮ್ಮ ಜಗಲಿಯಿಂದಲೇ ಕೂಗಿದಳು: "ಟಾರ್ಪಾಲು ಪೇಟೇಲಿ ಸಿಗ್ತದೆ, ನೀನು ಸಿಗ್ತೀಯೇನೋ?"

ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ. ಗಾಳಿ ಬೀಸುವಾಗ ಮಾಡುವ ಕೆಲಸ ಏನೂ ಇಲ್ಲ. ಒಳಗೆ ಸರಿಯಾದ ಜಾಗದಲ್ಲಿ ಸುಮ್ನೆ ಕೂರಬೇಕು. ಹಾಗೆ ಧೈರ್ಯವಾಗಿ ಕೂರಬೇಕು ಅಂದ್ರೆ ಎಲ್ಲ ಕೆಲಸ ಮೊದಲೇ ಮುಗಿದಿರಬೇಕು. ಹಾಗಾಗಿ ಈ ಬರಹದಲ್ಲಿ ಹೆಚ್ಚಿನ ಪಾಲು ಗಾಳಿ ಬರುವ ಮೊದಲಿನ ಮಾತೇ ಇದೆ.

ಎರಡು ಥರದ ಗಾಳಿ

ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಏಳುವ ಗಾಳಿ ಬೇರೆ, ಮಳೆಗಾಲದಲ್ಲಿ ಪಡುವಣದಿಂದ ಬೀಸುವ ಗಾಳಿ ಬೇರೆ. ಬೇಸಿಗೆಯದ್ದು ಗುಡುಗುಮೋಡದಿಂದ ಇಳಿಯುವ ಗಾಳಿ. ದಿನವಿಡೀ ಕಾದ ನೆಲದಿಂದ ಬಿಸಿಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಆ ಮೋಡದೊಳಗೆ ಮಳೆ, ಆಲಿಕಲ್ಲು ಬೀಳಲು ಶುರುವಾದಾಗ ಅದರ ಜೊತೆ ತಣ್ಣನೆಯ ಗಾಳಿಯೂ ದಬದಬನೆ ಕೆಳಗಿಳಿದು, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಅದಕ್ಕೇ ಮಳೆಗಿಂತ ಮೊದಲು ಗಾಳಿ ಬರುವುದು. ಅರ್ಧ ಗಂಟೆಯೊಳಗೆ ಮುಗಿಯುವುದೇ ಜಾಸ್ತಿ, ಆದರೆ ಎಚ್ಚರಿಸಿ ಬರುವುದಿಲ್ಲ. ಬೆವರು ಸುರಿಸುವ ಸೆಕೆಯಲ್ಲಿ ಎಲೆಯೂ ಅಲ್ಲಾಡದೆ ನಿಂತಿದ್ದು, ಒಂದು ದಿಕ್ಕು ಕಪ್ಪಾಗಿ, ಇದ್ದಕ್ಕಿದ್ದಂತೆ ಮುಖಕ್ಕೆ ತಣ್ಣನೆಯ ಗಾಳಿ ಬಡಿದರೆ ನಿಮಗೆ ಉಳಿದಿರುವುದು ಕೆಲವೇ ನಿಮಿಷ.

ಎರಡನೆಯದು ಸಮುದ್ರದ ಗಾಳಿ. ಜೂನ್ ನಂತರದ ಮುಂಗಾರಿನದ್ದು ಒಂದು, ಚಂಡಮಾರುತದ್ದು ಇನ್ನೊಂದು. 2021ರ ಮೇ ತಿಂಗಳ ತೌಕ್ತೆ ನೆನಪಿದೆಯಲ್ವಾ? ಅದು ನಮ್ಮ ಕರಾವಳಿಯಲ್ಲಿ ದಡ ಹತ್ತಲೇ ಇಲ್ಲ. ಅರಬ್ಬಿ ಸಮುದ್ರದಲ್ಲೇ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ಆದರೂ ಹೋಗುವ ದಾರಿಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಮನೆ, ಮರ, ಕರೆಂಟು ಕಂಬ ಯಾವುದನ್ನೂ ಬಿಡಲಿಲ್ಲ. ಈ ಥರದ ಗಾಳಿಯಲ್ಲಿ ಒಂದು ಅನುಕೂಲ ಇದೆ, ಎರಡು ಮೂರು ದಿನ ಮೊದಲೇ ಸುದ್ದಿ ಸಿಗುತ್ತದೆ. ಕಷ್ಟ ಏನೆಂದರೆ ಗಂಟೆಗಟ್ಟಲೆ ಬೀಸುತ್ತದೆ, ಕರೆಂಟು ದಿನಗಟ್ಟಲೆ ಬರುವುದಿಲ್ಲ.

ಮೊದಲ ಕೆಲಸ: ಮುನ್ಸೂಚನೆ ಓದಲು ಕಲಿಯುವುದು

ಹವಾಮಾನ ಇಲಾಖೆಯ ಬಣ್ಣಗಳನ್ನು ಟಿವಿಯಲ್ಲಿ ನೋಡಿ ಗಾಬರಿಯಾಗುವವರೇ ಜಾಸ್ತಿ, ಅರ್ಥ ತಿಳಿದವರು ಕಡಿಮೆ. ಹಳದಿ ಅಂದರೆ ಗಮನ ಇಟ್ಟಿರಿ. ಕಿತ್ತಳೆ ಅಂದರೆ ಸಿದ್ಧರಾಗಿ. ಕೆಂಪು ಅಂದರೆ ಈಗಲೇ ಮಾಡಬೇಕಾದ್ದನ್ನು ಮಾಡಿ. ಸಮುದ್ರದಲ್ಲಿ ಎದ್ದ ವಾಯುಭಾರ ಕುಸಿತದ ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಅದಕ್ಕೆ ಚಂಡಮಾರುತ ಅನ್ನುತ್ತಾರೆ, 89 ದಾಟಿದರೆ ತೀವ್ರ ಚಂಡಮಾರುತ, 118 ದಾಟಿದರೆ ಅತಿ ತೀವ್ರ. ಬೇಸಿಗೆ ಗಾಳಿಗೆ ದಿನದ ಮುನ್ಸೂಚನೆಗಿಂತ ಮುಂದಿನ ಮೂರು ಗಂಟೆಗೆ ಕೊಡುವ ಎಚ್ಚರಿಕೆಯೇ ಹೆಚ್ಚು ಉಪಯೋಗ. ಅದು ಇಲಾಖೆಯ ಮೌಸಮ್ ಆಪಿನಲ್ಲಿ ಸಿಗುತ್ತದೆ. ಸಿಡಿಲಿಗೆ ದಾಮಿನಿ ಅಂತ ಬೇರೆ ಆಪಿದೆ, ನಿಮ್ಮ ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ತೋರಿಸುತ್ತದೆ. ಎರಡೂ ಪುಕ್ಕಟೆ.

ಒಂದು ಲೆಕ್ಕ ತಲೆಯಲ್ಲಿರಲಿ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 17 ಕೆಜಿ ಭಾರದಷ್ಟು ತಳ್ಳುತ್ತದೆ. 120 ಆದರೆ 68 ಕೆಜಿ. ಹತ್ತು ಅಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ಶೀಟಿಗೆ ಇದನ್ನು ಗುಣಿಸಿ ನೋಡಿ, 60ರಲ್ಲಿ 55 ಕೆಜಿ, 120ರಲ್ಲಿ 220 ಕೆಜಿ! ಕಟ್ಟಡಗಳ ಭಾರತೀಯ ಮಾನದಂಡದಲ್ಲಿ ಲೆಕ್ಕಕ್ಕೆ ಹಿಡಿಯುವ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಅಂದರೆ ಗಂಟೆಗೆ ಸುಮಾರು 119 ಮತ್ತು 140 ಕಿಲೋಮೀಟರ್. ನಮ್ಮ ಕೊಟ್ಟಿಗೆಯ ಶೀಟು ಹೊಡೆದವರು ಈ ಲೆಕ್ಕ ಕೇಳಿರಲಿಲ್ಲ ಬಿಡಿ.

ಎರಡನೆಯದು: ಮಾಡು

ಗಾಳಿ ಮಾಡನ್ನು ಕೆಳಗೆ ಒತ್ತುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಅದಕ್ಕೇ ಮೇಲೆ ಕಲ್ಲು, ಹಳೆ ಟೈರು ಇಡುತ್ತೇವೆ. ನಿಜವಾಗಿ ಗಾಳಿ ಮಾಡಿನ ಮೇಲೆ ಹಾದುಹೋಗುವಾಗ ಅದನ್ನು ಮೇಲಕ್ಕೆ ಹೀರುತ್ತದೆ. ಈ ಸೆಳೆತ ಜಾಸ್ತಿ ಇರುವುದು ಅಂಚುಗಳಲ್ಲಿ, ಮೂಲೆಗಳಲ್ಲಿ, ಸೂರು ಹೊರಚಾಚಿದ ಕಡೆ. ನಡುವಿನ ಶೀಟು ಮೊದಲು ಹೋಗುವುದು ಅಪರೂಪ. ಮೂಲೆಯದ್ದು ಏಳುತ್ತದೆ, ಅದರ ಸಂದಿಯಿಂದ ಗಾಳಿ ಒಳನುಗ್ಗಿ ಉಳಿದವನ್ನು ಸಾಲಾಗಿ ಎಬ್ಬಿಸುತ್ತದೆ.

ಶೀಟಿನ ಮಾಡಾದರೆ ಏಪ್ರಿಲ್ ಒಳಗೆ ಒಮ್ಮೆ ಏಣಿ ಇಟ್ಟು ನೋಡಿ. ಶೀಟಿನ ಮೇಲೆ ಕಾಲಿಡಬೇಡಿ, ಸಿಮೆಂಟ್ ಶೀಟಾದರೆ ಖಂಡಿತ ಬೇಡ, ಒಡೆದು ಒಳಗೆ ಬೀಳುತ್ತೀರಿ. ಬೋಲ್ಟು ತುಕ್ಕು ಹಿಡಿದಿದೆಯಾ, ವಾಷರು ಒಣಗಿ ಒಡೆದಿದೆಯಾ, ತೂತು ಅಗಲವಾಗಿ ಶೀಟು ಕೈಯಲ್ಲಿ ಅಲ್ಲಾಡುತ್ತದೆಯಾ ಅಂತ ಅಂಚಿನ ಸಾಲಿನಲ್ಲಿ ಪರೀಕ್ಷಿಸಿ. ಬರಿ ಮೊಳೆ ಹೊಡೆದಿದ್ದರೆ ಅದು ಮಾಡಲ್ಲ, ಗಾಳಿಪಟ. ಶೀಟಿನ ಕೆಳಗಿನ ಅಡ್ಡ ಕಂಬಿಯನ್ನು ಸುತ್ತಿ ಹಿಡಿಯುವ ಜೆ ಬೋಲ್ಟು ಹಾಕಿಸಿ. ಅಂಚಿನ ಸಾಲು, ಮೂಲೆಗಳಲ್ಲಿ ಬೋಲ್ಟುಗಳು ಹತ್ತಿರ ಹತ್ತಿರ ಇರಲಿ. ಶೀಟು ಕಂಬಿಗೆ ಗಟ್ಟಿಯಾದರೆ ಸಾಲದು, ಕಂಬಿ ಕಂಬಕ್ಕೆ, ಕಂಬ ನೆಲಕ್ಕೆ ಗಟ್ಟಿಯಾಗಿರಬೇಕು. ಇಡೀ ಮಾಡೇ ಚೌಕಟ್ಟಿನ ಸಮೇತ ಪಕ್ಕದ ತೋಟದಲ್ಲಿ ಮಲಗಿದ್ದನ್ನು ನಾನು ನೋಡಿದ್ದೇನೆ, ಶೀಟುಗಳು ಮಾತ್ರ ಒಂದೂ ಬಿಟ್ಟಿರಲಿಲ್ಲ.

ಮಂಗಳೂರು ಹಂಚಿನ ಮಾಡಿಗೆ ಅದರ ತೂಕವೇ ಆಸರೆ. ಆದರೆ ಸೂರಿನ ಕೊನೆಯ ಎರಡು ಸಾಲು, ಮಾಡಿನ ನೆತ್ತಿಯ ಹಂಚು ಇವೆರಡೂ ಮೊದಲು ಹೋಗುತ್ತವೆ. ನೆತ್ತಿಯ ಹಂಚಿಗೆ ಹಾಕಿದ ಗಾರೆ ಬಿರುಕುಬಿಟ್ಟಿದ್ದರೆ ಮಳೆಗಾಲಕ್ಕೆ ಮೊದಲೇ ಮೆತ್ತಿಸಿ. ಸೂರಿನ ಸಾಲಿನ ಹಂಚಿಗೆ ಹಿಂಬದಿಯಲ್ಲಿ ತಂತಿ ಕಟ್ಟಲು ತೂತಿರುವ ಉಬ್ಬು ಇದ್ದರೆ, ತಂತಿ ಹಾಕಿ ರೀಪಿಗೆ, ಅಂದರೆ ಹಂಚು ಕೂರುವ ಮರದ ಅಡ್ಡಪಟ್ಟಿಗೆ, ಬಿಗಿಯಿರಿ. ಗೆದ್ದಲು ತಿಂದ ಪಕಾಸು (ರೀಪನ್ನು ಹೊರುವ ಇಳಿಜಾರು ಮರ), ರೀಪು ಬದಲಿಸಿ. ಮಳೆಗಾಲದ ಮೊದಲು ಹಂಚು ಕೈಯಾಡಿಸುವ ರೂಢಿ ನಮ್ಮಲ್ಲಿ ಇದ್ದೇ ಇದೆ, ಆಗ ಬರಿ ಸೋರುವ ಜಾಗ ನೋಡಿ ಇಳಿದುಬಿಡುತ್ತೇವೆ, ಅಷ್ಟೇ ತಪ್ಪು. ಹತ್ತು ಹದಿನೈದು ಹಂಚು ಜಾಸ್ತಿ ತಂದಿಟ್ಟುಕೊಳ್ಳಿ. ಗಾಳಿ ಬಂದ ಮರುದಿನ ಇಡೀ ಊರೇ ಹಂಚು ಹುಡುಕುತ್ತಿರುತ್ತದೆ.

ಮೂರನೆಯದು: ಮರ

ನೆರಳು ಕೊಟ್ಟ ಮರವನ್ನು ಅನುಮಾನಿಸಲು ಮನಸ್ಸು ಬರುವುದಿಲ್ಲ, ನಿಜ. ಆದರೂ ಮನೆಯ ಮೇಲೆ ಬೀಳುವಷ್ಟು ಹತ್ತಿರ, ಬೀಳುವಷ್ಟು ಎತ್ತರ ಇರುವ ಮರಗಳನ್ನು ವರ್ಷಕ್ಕೊಮ್ಮೆ ಸುತ್ತುಹಾಕಿ ನೋಡಿ. ಬುಡದಲ್ಲಿ ಅಣಬೆ ಎದ್ದಿದೆಯಾ? ಕಾಂಡ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯಾ? ಹೋದ ವರ್ಷ ನೆಟ್ಟಗಿದ್ದದ್ದು ಈಗ ವಾಲಿದೆಯಾ? ವಾಲಿದ ಎದುರು ಬದಿಯಲ್ಲಿ ಮಣ್ಣು ಬಿರಿದಿದ್ದರೆ ಬೇರು ಏಳುತ್ತಿದೆ ಅಂತಲೇ ಅರ್ಥ, ಅದಕ್ಕೆ ಕಾಯಬಾರದು. ಚರಂಡಿಗೆ, ಪೈಪಿಗೆ, ಕಾಂಕ್ರೀಟಿಗೆ ಅಂತ ಒಂದು ಬದಿಯ ಬೇರು ಕಡಿದಿದ್ದರೆ ಮರ ಎಷ್ಟು ಹಸಿರಾಗಿದ್ದರೂ ನಂಬಬೇಡಿ. ಬೆಂಗಳೂರಿನಲ್ಲಿ ಪ್ರತಿ ಬೇಸಿಗೆಯ ಮೊದಲ ಮಳೆಗೆ ಗುಲ್‌ಮೊಹರ್ ರಸ್ತೆಗೆ ಅಡ್ಡ ಬೀಳುವುದರಲ್ಲಿ ಈ ಕಾರಣವೂ ಇದೆ. ಮರ ದುರ್ಬಲ ಅಷ್ಟೇ ಅಲ್ಲ, ನಾವೂ ಕಾಲು ಕತ್ತರಿಸಿ ನಿಲ್ಲಿಸಿದ್ದೇವೆ. ನಗರದಲ್ಲಿ ಮರ ಕಡಿಯಲು ಮರ ಅಧಿಕಾರಿಯ ಅನುಮತಿ ಬೇಕು, ಆದ್ದರಿಂದ ಅರ್ಜಿಯನ್ನು ಫೆಬ್ರವರಿಯಲ್ಲೇ ಕೊಟ್ಟುಬಿಡಿ, ಮೇ ತಿಂಗಳಲ್ಲಿ ಕೊಟ್ಟರೆ ಮರವೇ ಅನುಮತಿ ಕಾಯುವುದಿಲ್ಲ.

ಅಕೇಶಿಯಾ, ಸಿಲ್ವರ್ ಓಕ್ ಥರದವು ಬೇಗ ಬೆಳೆದು ಬೇಗ ಮುರಿಯುತ್ತವೆ. ಮನೆ ಪಕ್ಕದಲ್ಲಿ ನೆಡುವುದೇ ಬೇಡ. ತೆಂಗು ಬಾಗುತ್ತದೆ, ಸುಲಭಕ್ಕೆ ಬೀಳುವುದಿಲ್ಲ. ಆದರೆ ಒಣ ಗರಿ, ಬಲಿತ ಕಾಯಿ ಬೀಳುತ್ತವೆ, ಹಂಚಿಗೂ ತಲೆಗೂ ಒಂದೇ ಏಟು ಸಾಕು. ಮಾಡಿನ ಮೇಲೆ ಬಾಗಿದ ತೆಂಗಿನ ಕಾಯಿ ಏಪ್ರಿಲ್‌ನಲ್ಲೇ ಇಳಿಸಿಬಿಡಿ. ಕರೆಂಟು ತಂತಿಗೆ ತಾಗುವ ಕೊಂಬೆಯನ್ನು ಮಾತ್ರ ನೀವು ಮುಟ್ಟಬೇಡಿ. ಲೈನ್‌ಮನ್ ಬಂದು ಲೈನ್ ಆಫ್ ಮಾಡಿಸಿದ ಮೇಲೆ ಆ ಕೆಲಸ.

ನಾಲ್ಕನೆಯದು: ಅಂಗಳ, ತಾರಸಿ, ಬಾಲ್ಕನಿ

ಬೆಂಗಳೂರಿನಲ್ಲಿರುವ ನನ್ನ ತಂಗಿ ಒಂಬತ್ತನೇ ಮಹಡಿಯಲ್ಲಿದ್ದಾಳೆ. "ನಮಗೇನಣ್ಣ, ಕಾಂಕ್ರೀಟ್ ಮನೆ" ಅನ್ನುತ್ತಿದ್ದಳು. ಒಂದು ಸಂಜೆ ಅವಳ ಬಾಲ್ಕನಿಯ ತುಳಸಿ ಕುಂಡ ಕೆಳಗಿನ ಕಾರಿನ ಗಾಜಿನೊಳಗೆ ಹೋಗಿ ಕೂತ ಮೇಲೆ ಆ ಮಾತು ನಿಂತಿತು. ಮೇಲಿನ ಮಹಡಿಗಳಲ್ಲಿ ಗಾಳಿ ನೆಲಕ್ಕಿಂತ ಜೋರು, ಎರಡು ಕಟ್ಟಡಗಳ ಸಂದಿಯಲ್ಲಿ ಇನ್ನೂ ಜೋರು. ಗೋಡೆಯ ಅಂಚಿನಲ್ಲಿ, ಕಂಬಿಗೆ ತೂಗುಹಾಕಿ ಕುಂಡ ಇಡಲೇಬೇಡಿ. ಗಾಳಿ ಬರುವ ದಿನ ಪ್ಲಾಸ್ಟಿಕ್ ಕುರ್ಚಿ, ಬಟ್ಟೆ ಒಣಗಿಸುವ ಸ್ಟ್ಯಾಂಡು, ಬಕೆಟ್ಟು, ಡೋರ್‌ಮ್ಯಾಟ್ ಎಲ್ಲ ಒಳಗೆ. ಜಾರುವ ಗಾಜಿನ ಬಾಗಿಲು ಪೂರ್ತಿ ಮುಚ್ಚಿ ಲಾಕ್ ಮಾಡಿ.

ತಾರಸಿಯ ನೀರಿನ ಟ್ಯಾಂಕಿನ ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ. ಖಾಲಿ ಟ್ಯಾಂಕನ್ನು ಇಬ್ಬರು ಸುಲಭವಾಗಿ ಎತ್ತಬಹುದು, ಅಂದ ಮೇಲೆ ಗಾಳಿಗೇನು ಕಷ್ಟ? ಸಾವಿರ ಲೀಟರ್ ತುಂಬಿಸಿದರೆ ಅದು ಒಂದು ಟನ್. ಆದ್ದರಿಂದ ಎಚ್ಚರಿಕೆ ಬಂದ ಕೂಡಲೇ ಮೋಟರ್ ಹಾಕಿ ಟ್ಯಾಂಕು ತುಂಬಿಸಿ, ಮುಚ್ಚಳ ಕಟ್ಟಿ. ಟ್ಯಾಂಕೂ ಉಳಿಯುತ್ತದೆ, ಕರೆಂಟು ಹೋದ ಮೇಲೆ ನೀರೂ ಉಳಿಯುತ್ತದೆ. ಡಿಶ್ ಆಂಟೆನಾ, ಸೋಲಾರ್ ಹೀಟರಿನ ಬೋಲ್ಟು ಬಿಗಿ ಇದೆಯಾ ಅಂತ ಅದೇ ಸಲ ನೋಡಿಬಿಡಿ. ಕಾರು, ಬೈಕು ಮರದ ಕೆಳಗಿಂದ, ಹಳೆ ಕಾಂಪೌಂಡ್ ಗೋಡೆಯ ಪಕ್ಕದಿಂದ, ಹೋರ್ಡಿಂಗ್ ಕೆಳಗಿಂದ ತೆಗೆಯಿರಿ.

ನಮ್ಮ ಕಡೆಯವರಿಗೆ ಅಂಗಳದಲ್ಲಿ ಹರಡಿದ ಒಣ ಅಡಿಕೆಯದ್ದೇ ಚಿಂತೆ. ಆಕಾಶ ಕಪ್ಪಾಗಲು ಶುರುವಾದಾಗಲೇ ಬಾಚಿ ಒಳಗೆ ಹಾಕಿ. ಗಾಳಿ ಶುರುವಾದ ಮೇಲೆ ಒದ್ದೆಯಾದರೆ ಆಗಲಿ, ಮತ್ತೆ ಒಣಗಿಸಬಹುದು. ದನಗಳನ್ನು ಮರಕ್ಕೆ ಕಟ್ಟಬೇಡಿ. ಕೊಟ್ಟಿಗೆಯ ಶೀಟು ನಂಬುವ ಹಾಗಿಲ್ಲದಿದ್ದರೆ ಮರ, ತಂತಿ ಇಲ್ಲದ ಕಡೆ ಬಯಲಿಗೆ ಬಿಡುವುದೇ ವಾಸಿ ಅನ್ನುವವರು ಇದ್ದಾರೆ, ಆದರೆ ಸಿಡಿಲಿಗೆ ಬಯಲೂ ಕ್ಷೇಮವಲ್ಲ. ನನ್ನ ಮಾತು ಕೇಳಿದರೆ, ಕೊಟ್ಟಿಗೆಯನ್ನೇ ಗಟ್ಟಿ ಮಾಡಿಸಿ.

ಐದನೆಯದು: ಕೈಗೆ ಸಿಗುವ ಹಾಗೆ ಇಡಬೇಕಾದ್ದು

ದೊಡ್ಡ ಪಟ್ಟಿ ಬೇಡ. ಚಾರ್ಜ್ ಆದ ಟಾರ್ಚು, ಫೋನು, ಪವರ್ ಬ್ಯಾಂಕು. ಒಬ್ಬರಿಗೆ ದಿನಕ್ಕೆ ಮೂರು ನಾಲ್ಕು ಲೀಟರಿನಂತೆ ಎರಡು ಮೂರು ದಿನದ ಕುಡಿಯುವ ನೀರು. ಬಿಪಿ, ಶುಗರ್ ಮಾತ್ರೆ ವಾರಕ್ಕಾಗುವಷ್ಟು. ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಅಂದರೆ ಬೇಯಿಸದೆ ತಿನ್ನುವಂಥದ್ದು. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕು ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಬ್ಯಾಟರಿ ಹಾಕುವ ಸಣ್ಣ ರೇಡಿಯೋ ಇದ್ದರೆ ಒಳ್ಳೆಯದು, ಟವರ್ ಬಿದ್ದಾಗ ಫೋನಿನಲ್ಲಿ ಸುದ್ದಿ ಸಿಗುವುದಿಲ್ಲ. ಮೇಣದಬತ್ತಿ ನನಗೆ ಇಷ್ಟವಿಲ್ಲ. ಗಾಳಿ, ಪರದೆ, ಬೆಂಕಿ ಮೂರನ್ನೂ ಒಂದೇ ಕೋಣೆಯಲ್ಲಿ ಯಾಕೆ ಕೂರಿಸಬೇಕು?

ಗಾಳಿ ಎದ್ದ ಮೇಲೆ

ಎಲ್ಲರೂ ಒಳಗೆ. ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಚಿಲಕ ಹಾಕಿ. ಒಂದು ಕಿಟಕಿ ತೆರೆದಿಟ್ಟರೆ ಒಳಗಿನ ಒತ್ತಡ ಸರಿಹೋಗಿ ಮಾಡು ಉಳಿಯುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. ಅದು ತಪ್ಪು. ಗಾಳಿ ಬರುವ ಬದಿಯ ಕಿಟಕಿ ತೆರೆದರೆ ಒಳಗೆ ನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ತಳ್ಳುತ್ತದೆ, ಮೇಲಿನಿಂದ ಹೀರುವುದು ಇದ್ದೇ ಇದೆ. ಒಳಕೋಣೆಗಳ ಬಾಗಿಲೂ ಮುಚ್ಚಿ.

ಕೂರುವ ಜಾಗ ಯಾವುದು? ತಾರಸಿ ಮನೆಯಾದರೆ ಕೆಳ ಅಂತಸ್ತಿನಲ್ಲಿ, ಮನೆಯ ನಡುವೆ, ಕಿಟಕಿ ಇಲ್ಲದ ಅಥವಾ ಚಿಕ್ಕ ಕಿಟಕಿಯ ಕೋಣೆ. ಮೆಟ್ಟಿಲ ಕೆಳಗಿನ ಜಾಗವೂ ಆದೀತು. ಹಂಚಿನ, ಶೀಟಿನ ಮನೆಯಲ್ಲಿ ಒಂದೇ ಒಂದು ಕಾಂಕ್ರೀಟ್ ಮಾಡಿನ ಕೋಣೆ ಇದ್ದರೆ ಅಲ್ಲಿಗೆ ಹೋಗಿ. ಈಚೆಗೆ ಕಟ್ಟಿಸಿದ ಬಚ್ಚಲುಮನೆಗಳು ಹಾಗಿರುತ್ತವೆ, ಗುಡುಗು ಇದ್ದರೆ ನಲ್ಲಿ ಮಾತ್ರ ಮುಟ್ಟಬೇಡಿ. ಅದೂ ಇಲ್ಲದಿದ್ದರೆ ಗಟ್ಟಿ ಒಳಗೋಡೆಯ ಪಕ್ಕ, ಬಲವಾದ ಮಂಚ ಅಥವಾ ಮೇಜಿನ ಕೆಳಗೆ, ತಲೆಗೆ ದಿಂಬು ಹಿಡಿದು ಕೂರಿ. ಬೈಕಿನ ಹೆಲ್ಮೆಟ್ ಹಾಕಿಕೊಂಡರೆ ನಗುವವರು ನಗಲಿ. ಹಂಚು ಬೀಳುವಾಗ ಅದೇ ಸರಿ. ಅಟ್ಟದ ಮೇಲೆ ಯಾರೂ ಇರಬಾರದು. ಇಡೀ ಮನೆಯೇ ದುರ್ಬಲ ಅನ್ನಿಸಿದರೆ, ಚಂಡಮಾರುತದ ಸುದ್ದಿ ಬಂದಾಗ ಹಗಲು ಹೊತ್ತಿನಲ್ಲೇ ಶಾಲೆಗೋ, ಕಾಳಜಿ ಕೇಂದ್ರಕ್ಕೋ, ನೆಂಟರ ತಾರಸಿ ಮನೆಗೋ ಹೋಗಿಬಿಡಿ. ರಾತ್ರಿ ಹೊರಡುವುದು ಅತಿ ಕೆಟ್ಟ ಆಯ್ಕೆ.

ಗುಡುಗು ಕೇಳಿದರೆ ಟಿವಿ, ಫ್ರಿಡ್ಜು, ಮೋಡೆಮ್ ಪ್ಲಗ್ ಕೀಳಿ. ಗುಡುಗು ತೀರಾ ಹತ್ತಿರ ಬಂದಿದ್ದರೆ ಪ್ಲಗ್ಗೂ ಮುಟ್ಟಬೇಡಿ, ಹಾಗೇ ಬಿಡಿ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡ್ ಇದ್ದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತಕ್ಕಿಂತ ಕಡಿಮೆ ಎಣಿಸಿದರೂ ಅಪಾಯವೇ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಕಾಲಿಡಬೇಡಿ.

ಕಿಟಕಿ ಬಳಿ ನಿಂತು ವಿಡಿಯೋ ತೆಗೆಯುವವರಿಗೆ ಏನು ಹೇಳುವುದು? ಗಾಜು ಒಡೆದರೆ ಅದು ವಿಡಿಯೋದಲ್ಲೂ ಬರುತ್ತದೆ, ಮುಖದಲ್ಲೂ ಬರುತ್ತದೆ.

ಕರೆಂಟು

ಮಾಡು ಏಳಲು ಶುರುವಾದರೆ, ಗೋಡೆಯಲ್ಲಿ ನೀರು ಇಳಿದರೆ, ಕೈ ಒಣಗಿರುವಾಗಲೇ ಮೈನ್ ಸ್ವಿಚ್ ಆಫ್ ಮಾಡಿ. ಸ್ವಿಚ್ಚಿನ ಬಳಿ ನೀರು ನಿಂತಿದ್ದರೆ ಹತ್ತಿರ ಹೋಗಬೇಡಿ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ, ಲೈನಿನಲ್ಲಿ ಕರೆಂಟು ಹೋಗಿದ್ದರೂ ಮನೆಯ ತಂತಿಯಲ್ಲಿ ಅದು ಕರೆಂಟು ಹರಿಸುತ್ತಿರುತ್ತದೆ. ಜನರೇಟರ್ ಇರುವವರು ಅದನ್ನು ಹೊರಗೆ, ಕಿಟಕಿಗಳಿಂದ ದೂರ ಇಡಿ. ಅದರ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಜನರೇಟರ್ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ. ಆ ಕರೆಂಟು ಹಿಂದಕ್ಕೆ ಲೈನಿಗೆ ಹೋಗಿ, ಕಂಬದ ಮೇಲೆ ನಿಮಗೋಸ್ಕರ ಕೆಲಸ ಮಾಡುತ್ತಿರುವ ಲೈನ್‌ಮನ್ ಜೀವ ತೆಗೆಯುತ್ತದೆ.

ಗಾಳಿ ನಿಂತ ಮೇಲೆ

ಗಾಳಿ ನಿಂತಿತು ಅಂತ ಎಲ್ಲರೂ ಅಂಗಳಕ್ಕೆ ಬರುತ್ತಾರಲ್ಲ, ಆಗಲೇ ಜಾಸ್ತಿ ಹುಷಾರಾಗಿರಬೇಕು. ಹರಿದು ಬಿದ್ದ ತಂತಿ ಸತ್ತಿದೆ ಅಂತ ಯಾವತ್ತೂ ಅಂದುಕೊಳ್ಳಬೇಡಿ. ಕರೆಂಟು ಹೋಗಿದ್ದರೂ ಯಾವ ಕ್ಷಣದಲ್ಲಾದರೂ ಲೈನ್ ಮತ್ತೆ ಚಾರ್ಜ್ ಆಗಬಹುದು. ಕನಿಷ್ಠ ಹತ್ತು ಮೀಟರ್ ದೂರ ಇರಿ, ಮಕ್ಕಳನ್ನೂ ದನಗಳನ್ನೂ ದೂರ ಇಡಿ. ತಂತಿ ಬೇಲಿಯ ಮೇಲೆ ಬಿದ್ದಿದ್ದರೆ ಇಡೀ ಬೇಲಿಯೇ ತಂತಿ ಅಂತ ತಿಳಿಯಿರಿ. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ. ಕಾಲಿಂದ ಕಾಲಿಗೆ ಅಂತರ ಹೆಚ್ಚಾದಷ್ಟೂ ನೆಲದಿಂದ ಮೈಯೊಳಗೆ ಕರೆಂಟು ಹರಿಯುವುದು ಜಾಸ್ತಿ. ಎರಡು ಪಾದ ಜೋಡಿಸಿ, ನೆಲ ಬಿಡದೆ, ಇಂಚಿಂಚು ಉಜ್ಜುತ್ತಾ ದೂರ ಸರಿಯಿರಿ. ಆಮೇಲೆ 1912ಕ್ಕೆ ಫೋನ್ ಮಾಡಿ ಕಂಬದ ನಂಬರ್ ಹೇಳಿ, ಜಾಗ ಬೇಗ ಸಿಗುತ್ತದೆ. ಗಾಯಾಳುಗಳಿದ್ದರೆ 108, ಬೇರೆ ತುರ್ತಿಗೆ 112, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಗೆ 1077.

ಮುರಿದು ನೇತಾಡುವ ಕೊಂಬೆಯ ಕೆಳಗೆ ನಿಲ್ಲಬೇಡಿ. ಮಾಡಿನ ಮೇಲೆ ಒರಗಿದ ಮರವನ್ನು ಅವಸರದಲ್ಲಿ ಕಡಿಯಬೇಡಿ. ಬಾಗಿದ ಕಾಂಡ ಬಿಲ್ಲಿನಂತೆ, ಗರಗಸ ಹಾಕಿದ ಕೂಡಲೇ ಸಿಡಿದು ಹೊಡೆಯುತ್ತದೆ. ಇದು ಗೊತ್ತಿದ್ದವರ ಕೆಲಸ. ಕೆಳಗೆ ಬಿದ್ದ ಹಂಚು, ತಗಡು ಎತ್ತುವಾಗ ಗಟ್ಟಿ ಚಪ್ಪಲಿ, ಕೈಗವಸು ಇರಲಿ. ಹಾವುಗಳೂ ಗಾಬರಿಯಾಗಿರುತ್ತವೆ, ಸಂದಿಯಲ್ಲಿ ಕೈ ಹಾಕುವ ಮೊದಲು ಕೋಲು ಹಾಕಿ.

ಚೊಕ್ಕಟ ಮಾಡುವ ಮೊದಲು ಫೋಟೋ ತೆಗೆಯಿರಿ. ಇಡೀ ಮನೆ ಕಾಣುವಂತೆ ಒಂದು, ಹಾನಿಯಾದ ಕಡೆ ಹತ್ತಿರದಿಂದ ನಾಲ್ಕೈದು. ಆಮೇಲೆ ಗ್ರಾಮ ಆಡಳಿತಾಧಿಕಾರಿಗೆ ಅಥವಾ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ, ತೋಟದ ಹಾನಿಯಾದರೆ ತೋಟಗಾರಿಕೆ ಇಲಾಖೆಗೂ ತಿಳಿಸಿ. ದನ ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ ಮರಣೋತ್ತರ ಪರೀಕ್ಷೆ ಮಾಡಿಸಿ, ಆ ವರದಿ ಇಲ್ಲದೆ ಪರಿಹಾರಕ್ಕೆ ಅಲೆದಾಟವೇ. ಕಾರಿನ ಮೇಲೆ ಮರ ಬಿದ್ದರೆ ಬರಿ ಥರ್ಡ್ ಪಾರ್ಟಿ ವಿಮೆಯಲ್ಲಿ ಏನೂ ಸಿಗುವುದಿಲ್ಲ, ಕಾಂಪ್ರಹೆನ್ಸಿವ್ ಇದ್ದರೆ ಸಿಗುತ್ತದೆ. ಮರ ಎತ್ತಿಸುವ ಮೊದಲೇ ಕಂಪನಿಗೆ ಫೋನ್ ಮಾಡಿ.

ಹಾರಿಹೋದ ಶೀಟು ಸಿಕ್ಕಿತು ಅಂತ ಅದೇ ಹಳೆ ತೂತಿಗೆ ಮತ್ತೆ ಬೋಲ್ಟು ಹಾಕಬೇಡಿ. ಆ ತೂತು ಹರಿದು ಅಗಲವಾಗಿರುತ್ತದೆ. ಅದಕ್ಕೆ ಸೀಲ್ ಹಾಕಿ ಮುಚ್ಚಿ, ಪಕ್ಕದಲ್ಲಿ ಹೊಸ ತೂತು ಕೊರೆಸಿ, ದೊಡ್ಡ ವಾಷರು ಹಾಕಿಸಿ. ನಮ್ಮ ಕೊಟ್ಟಿಗೆಯಲ್ಲಿ ಅವತ್ತು ಹಾರಿದ ಶೀಟು ಈಗಲೂ ಅದೇ ಜಾಗದಲ್ಲಿದೆ, ಒಂದು ಮೂಲೆ ಮಾತ್ರ ಸೊಟ್ಟ.